ಹೊಗೆ ಕಂಡರೆ ಬೆಂಕಿ, ನಡುಕ ಕಂಡರೆ?

ತರ್ಕಶಾಸ್ತ್ರದ ಪುಸ್ತಕಗಳಲ್ಲಿ ಯಾರಿಗೆ ಏನಾಗಬೇಕಿದ್ದರೂ ಅದು ಸಾಮಾನ್ಯವಾಗಿ ದೇವದತ್ತನಿಗೇ ಆಗುತ್ತದೆ. ಹಗಲು ಉಣ್ಣದೆಯೂ ದಪ್ಪಗಿರುವವನು ಅವನೇ, ಬದುಕಿದ್ದೂ ಮನೆಯಲ್ಲಿ ಸಿಗದವನೂ ಅವನೇ. ಸಾವಿರಾರು ವರ್ಷ ಪಂಡಿತರ ಚಾಕರಿ ಮಾಡಿದವನಿಗೆ ಈಗ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಡಿಸೋಣ. ಮನೆ ಹುಣಸಮಾರನಹಳ್ಳಿಯಲ್ಲಿ. ನಂಬರ್ ಪ್ಲೇಟಿನಲ್ಲಿ ಕೆಎ-50, ಅಂದರೆ ಯಲಹಂಕ ಆರ್‌ಟಿಓ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ, ಹತ್ತು ವರ್ಷದ್ದು; ದೇವದತ್ತ ಮೂರನೇ ಮಾಲೀಕ.

ಬಳ್ಳಾರಿ ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವಾಗ ಗಾಡಿ ಬೆಣ್ಣೆಯ ಹಾಗೆ. ಬೆಟ್ಟಹಲಸೂರು ಕ್ರಾಸಿನಲ್ಲಿ ಕೆಂಪು ದೀಪ ಬಿದ್ದು ನಿಂತಿತೋ, ಶುರು. ಸ್ಟೇರಿಂಗ್ ಅದುರುತ್ತದೆ, ಕಪ್ ಹೋಲ್ಡರಿನಲ್ಲಿಟ್ಟ ಬಾಟಲಿಯ ನೀರಿನ ಮೇಲೆ ಸಣ್ಣ ಅಲೆಗಳು ಏಳುತ್ತವೆ, ಆರ್‌ಪಿಎಂ ಮುಳ್ಳು ಆರುನೂರಕ್ಕೂ ಒಂಬೈನೂರಕ್ಕೂ ನಡುವೆ ಉಯ್ಯಾಲೆ ಆಡುತ್ತದೆ. ಹಸಿರು ಬಿದ್ದು ಆಕ್ಸಿಲರೇಟರ್ ಒತ್ತಿದರೆ ಏನೂ ಆಗೇ ಇಲ್ಲ ಎನ್ನುವಂತೆ ಹೊರಡುತ್ತದೆ. ಓಡುವಾಗ ಸುಮ್ಮನಿದ್ದದ್ದು ನಿಂತಾಗ ನಡುಗುತ್ತದೆ ಎಂದೊಡನೆ ಧ್ಯಾನಕ್ಕೆ ಕೂತ ಮನಸ್ಸಿನ ಹೋಲಿಕೆ ನಾಲಿಗೆಯ ತುದಿಗೆ ಬರುತ್ತದೆ. ಬರಲಿ, ಅಲ್ಲೇ ಇರಲಿ. ಇಲ್ಲಿನ ಪ್ರಶ್ನೆ ಅದಕ್ಕಿಂತ ಒಣದು: ಕಣ್ಣಿಗೆ ಕಾಣದ ಕಾರಣವೊಂದು ಇಂಥದ್ದೇ ಎಂದು ಹೇಳುವವನಿಗೆ ಅದು ಗೊತ್ತಾಯಿತು ಎನ್ನುವುದು ಯಾವಾಗ?

ಮೊದಲು ನಡುಕದ ಲೆಕ್ಕ. ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಆದ್ದರಿಂದ ಒಂದೊಂದು ಸಿಲಿಂಡರಿಗೆ ಎರಡು ಸುತ್ತಿಗೊಂದು ಸಲ ಕಿಡಿ. ನಾಲ್ಕೂ ಸೇರಿ ನಿಮಿಷಕ್ಕೆ 1600, ಸೆಕೆಂಡಿಗೆ ಹೆಚ್ಚುಕಡಿಮೆ 27 ಸಣ್ಣ ಸ್ಫೋಟಗಳು. ಅಷ್ಟು ಒತ್ತಾಗಿ ಬಿದ್ದಾಗ ಪೆಟ್ಟುಗಳು ಒಂದರೊಳಗೊಂದು ಕರಗಿ ಗುಂಯ್ ಎನ್ನುವ ಸದ್ದಾಗುತ್ತವೆ. ಒಂದು ಸಿಲಿಂಡರ್ ಕೈಕೊಟ್ಟಿತೆನ್ನಿ, ಸೆಕೆಂಡಿಗೆ ಆರೇಳು ಸಲ ಖಾಲಿ ಜಾಗ. ಅಂಗೈಗೆ ತಾಗುವುದು ಆ ಖಾಲಿ. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ‘ಮಿಸ್ಸಿಂಗ್ ಹೊಡೀತಿದೆ’ ಎನ್ನುತ್ತಾರೆ. ಇಲ್ಲದ್ದೊಂದು ಬಂದು ಹೊಡೆಯುತ್ತದೆ ಎನ್ನುವ ಈ ಮಾತು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದ ವೈಶೇಷಿಕರಿಗೆ ಖಂಡಿತ ಹಿಡಿಸುತ್ತಿತ್ತು.

ಕಾರಣ ಹೇಳುವವರಿಗೇನು ಬರ. ಭಾವಮೈದುನನ ಪ್ರಕಾರ ಪ್ಲಗ್. ಪಕ್ಕದ ಮನೆಯವರ ಪ್ರಕಾರ ಟಪ್ಪೆಟ್. ಗಾಡಿ ಮಾರಿದವನಿಗೆ ಫೋನ್ ಮಾಡಿದರೆ, ‘ಗಾಡಿ ಏನೂ ಆಗಿಲ್ಲ ಸಾರ್, ಪೆಟ್ರೋಲಿಗೆ ಎಥನಾಲ್ ಹಾಕ್ತಾರಲ್ಲ, ಅದು’ ಎಂದ. ಮೂರನೆಯ ಮಾತು ಒಂದು ಕ್ಷಣ ನಿಲ್ಲಿಸುವಂಥದ್ದೇ. ಶೇಕಡ 20 ಎಥನಾಲ್ ಬೆರೆತ ಇ-20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ಇದೇ ಬೆಂಗಳೂರಿನಲ್ಲಿ. ಒಂದು ಗ್ರಾಂ ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಎಥನಾಲಿಗೆ ಒಂಬತ್ತು ಗ್ರಾಂ ಸಾಕು. ಹಾಗಾಗಿ ಬೆರಕೆ ಹೆಚ್ಚಿದಷ್ಟೂ ಎಂಜಿನ್ನಿನ ಕಂಪ್ಯೂಟರ್ ತನ್ನ ಲೆಕ್ಕ ತಿದ್ದಿಕೊಳ್ಳಬೇಕಾಗುತ್ತದೆ. ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದೇ ಬಂಕಿನಲ್ಲಿ, ಅದೇ ಪಂಪಿನಿಂದ ಹಾಕಿಸಿಕೊಂಡ ಇತರ ಕಾರುಗಳು ನಡುಗದೆ ನಿಂತಿವೆ. ದೋಷ ಇರುವಲ್ಲೂ ಇಲ್ಲದಲ್ಲೂ ಒಂದೇ ಸಮ ಹಾಜರಿರುವ ಹೇತುವನ್ನು ನ್ಯಾಯದರ್ಶನದ ತಾರ್ಕಿಕರು, ಅಂದರೆ ನೈಯಾಯಿಕರು, ಸವ್ಯಭಿಚಾರ ಎಂದು ಕರೆದು ಬದಿಗಿಟ್ಟರು. ಮಾರಾಟಗಾರರ ವಿವರಣೆಗಳಲ್ಲಿ ಬಹುಪಾಲು ಈ ಜಾತಿಯವು.

ದೇವದತ್ತ ಭಾವಮೈದುನನ ಮಾತು ನಂಬಿದ. ಹತ್ತಿರದ ಒಂದು ಗ್ಯಾರೇಜಿನಲ್ಲಿ ನಾಲ್ಕು ಪ್ಲಗ್ ಬದಲಾಯಿಸಿದರು. ಕಾರು ಸ್ಟಾರ್ಟ್ ಮಾಡಿದರೆ ನಡುಕ ಮಾಯ! ಮುಳ್ಳು 800ರ ಮೇಲೆ ಮೊಳೆ ಹೊಡೆದ ಹಾಗೆ ನಿಂತಿತು. ದುಡ್ಡು ಕೊಟ್ಟು, ಹಳೆಯ ಪ್ಲಗ್‌ಗಳನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟುಕೊಂಡು ಮನೆಗೆ ಬಂದ. ಒಂಬತ್ತು ದಿನ ಸುಖ. ಹತ್ತನೆಯ ದಿನ ಅದೇ ಸಿಗ್ನಲ್, ಅದೇ ನಡುಕ.

ಆ ಒಂಬತ್ತು ದಿನ ‘ದೋಷ ಪ್ಲಗ್ಗಿನದು’ ಎಂದು ದೇವದತ್ತನಿಗೆ ಗೊತ್ತಿತ್ತೇ? ಕೇಳಿದ್ದರೆ ಗೊತ್ತು ಎನ್ನುತ್ತಿದ್ದ. ಅವನ ಬೆನ್ನಿಗೆ ದೊಡ್ಡ ಶಾಸ್ತ್ರವೇ ಇತ್ತು. ವಾತ್ಸ್ಯಾಯನನ ನ್ಯಾಯಭಾಷ್ಯ ತೆರೆದುಕೊಳ್ಳುವುದೇ ಈ ವಿಚಾರದಿಂದ: ತಿಳಿವಳಿಕೆಯನ್ನು ನಂಬಿ ಕೆಲಸ ಮಾಡಿದಾಗ ಕೆಲಸ ಕೈಗೂಡಿದರೆ ಆ ತಿಳಿವಳಿಕೆಗೆ ಬೆಲೆ. ದೂರದಲ್ಲಿ ನೀರು ಕಂಡಿತು, ಹೋಗಿ ಕುಡಿದೆ, ದಾಹ ಹೋಯಿತು, ಕಂಡದ್ದು ಬಿಸಿಲುಗುದುರೆಯಲ್ಲ. ಪ್ಲಗ್ ಎಂದರು, ಬದಲಾಯಿಸಿದೆ, ನಡುಕ ಹೋಯಿತು, ಇನ್ನೇನು ಬೇಕು?

ಬೇಕಾದದ್ದನ್ನು ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಒಂದು ಸೊಗಸಾದ ಉದಾಹರಣೆಯಲ್ಲಿ ತೋರಿಸಿದ್ದಾನೆ. ಮಾಂಸ ಸುಡಲು ಯಾರೋ ಆಗತಾನೇ ಬೆಂಕಿ ಹಚ್ಚಿದ್ದಾರೆ. ಹೊಗೆ ಇನ್ನೂ ಎದ್ದಿಲ್ಲ. ಮಾಂಸದ ವಾಸನೆಗೆ ಹುಳಗಳು ಮೇಲೆ ಮುತ್ತಿಕೊಂಡಿವೆ. ದೂರದಿಂದ ನೋಡಿದವನು ಹುಳದ ಮೋಡವನ್ನೇ ಹೊಗೆ ಎಂದುಕೊಂಡು ‘ಅಲ್ಲಿ ಬೆಂಕಿಯಿದೆ’ ಎನ್ನುತ್ತಾನೆ. ಬೆಂಕಿ ಇದೆ, ನಿಜ. ಹೋಗಿ ಮೈ ಕಾಯಿಸಿಕೊಂಡೂ ಬರಬಹುದು. ಆದರೂ ಅವನಿಗೆ ಅದು ಗೊತ್ತಿತ್ತು ಎನ್ನಲು ಮನಸ್ಸು ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ಇಂಥವೇ ಉದಾಹರಣೆಗಳನ್ನು ಹಿಡಿದು, ಜ್ಞಾನಕ್ಕೆ ನೈಯಾಯಿಕರು ಕಟ್ಟಿದ ಲಕ್ಷಣಗಳನ್ನು ಒಂದೊಂದಾಗಿ ಕುಟ್ಟಿ ಪುಡಿ ಮಾಡಿದ. ಪಶ್ಚಿಮದಲ್ಲಿ ಎಡ್ಮಂಡ್ ಗೆಟಿಯರ್ ಇದೇ ತೊಡಕನ್ನು ಮೂರು ಪುಟದ ಲೇಖನದಲ್ಲಿಟ್ಟು ತತ್ತ್ವಶಾಸ್ತ್ರ ವಿಭಾಗಗಳ ನಿದ್ದೆ ಕೆಡಿಸಿದ್ದು 1963ರಲ್ಲಿ.

ದೇವದತ್ತನ ಕಾರಿನ ಹುಳದ ಮೋಡ ಹೀಗಿತ್ತು. ಪ್ಲಗ್ ಬಿಚ್ಚಬೇಕಾದರೆ ಆ ಗಾಡಿಯಲ್ಲಿ ಮೇಲಿನ ಏರ್ ಫಿಲ್ಟರಿನ ಪೈಪು ಸರಿಸಬೇಕು. ಅದರ ಜೊತೆಗೆ ಪಿಸಿವಿ ಹೋಸು, ಅಂದರೆ ಎಂಜಿನ್ನಿನ ಹೊಟ್ಟೆಯ ಹಬೆಯನ್ನು ಮತ್ತೆ ಮ್ಯಾನಿಫೋಲ್ಡಿಗೆ ಒಯ್ಯುವ ಬೆರಳು ದಪ್ಪದ ರಬ್ಬರ್ ಕೊಳವೆ. ಕೆಲಸ ಮುಗಿಸಿ ಎಲ್ಲವನ್ನೂ ವಾಪಸು ಕೂರಿಸುವಾಗ ಹುಡುಗ ಆ ಕೊಳವೆಯನ್ನು ಒಂದಿಷ್ಟು ಒಳಕ್ಕೆ ಒತ್ತಿ ಕ್ಲಿಪ್ ಹಾಕಿದ. ನಡುಕ ನಿಲ್ಲಿಸಿದ್ದು ಆ ಒತ್ತು. ಹೊಸ ಪ್ಲಗ್‌ಗಳು ಸುಮ್ಮನೆ ಕೀರ್ತಿ ತೆಗೆದುಕೊಂಡವು.

ಎರಡನೇ ಸಲ ನಡುಕ ಬಂದಾಗ ಆಯುಧಪೂಜೆಯ ಸಮಯ. ಅಮ್ಮನಿಗೆ ಮೊದಲಿನಿಂದಲೂ ಅನುಮಾನ: ಇಬ್ಬರ ಕೈ ದಾಟಿ ಬಂದ ಗಾಡಿ, ಯಾರ ಕಣ್ಣು ಬಿದ್ದಿದೆಯೋ. ಕಾರು ತೊಳೆದು, ವಿಭೂತಿ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಬೂದುಗುಂಬಳ ನಿವಾಳಿಸಿ ಒಡೆದು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು ಮುಂದಕ್ಕೆ ಬಿಟ್ಟರು. ಎರಡು ದಿನ ಕಾರು ನಡುಗಲಿಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಗುವುದು ಸುಲಭ. ಆದರೆ ನಗುವವರು ಒಂದನ್ನು ಗಮನಿಸಬೇಕು: ಸಾಕ್ಷ್ಯದ ಲೆಕ್ಕದಲ್ಲಿ ಅಮ್ಮನ ನಿಂಬೆಹಣ್ಣಿಗೂ ಗ್ಯಾರೇಜಿನ ಪ್ಲಗ್ಗಿಗೂ ವ್ಯತ್ಯಾಸವೇ ಇಲ್ಲ. ಎರಡೂ ಕಡೆ ಏನೋ ಮಾಡಿದರು, ಆಮೇಲೆ ನಡುಕ ನಿಂತಿತು. ಒಂದು ವಿಜ್ಞಾನದ ವೇಷದಲ್ಲಿತ್ತು, ಇನ್ನೊಂದು ಕುಂಕುಮ ಹಚ್ಚಿಕೊಂಡಿತ್ತು. ಅಮ್ಮನಾದರೂ ಅದಕ್ಕೆ ಲೇಬರ್ ಚಾರ್ಜ್ ಕೇಳಲಿಲ್ಲ.

ರಜೆಯ ಆ ಎರಡು ದಿನ ಕಾರು ಹೋದದ್ದು ದೇವಸ್ಥಾನಕ್ಕೆ ಮಾತ್ರ, ಎಂಜಿನ್ ಪೂರ್ತಿ ಕಾಯಲೇ ಇಲ್ಲ. ಹಾಗಾದರೆ ನಡುಕ ನಿಲ್ಲಿಸಿದ್ದು ನಿಂಬೆಹಣ್ಣೋ, ಕಾಯದ ಎಂಜಿನ್ನೋ? ಈ ಬಗೆಯ ಪ್ರಶ್ನೆ ಕೇಳುವುದನ್ನು ಸಾರ್ವಜನಿಕವಾಗಿ ಕಲಿಸಿದವರು ಇದೇ ಸೀಮೆಯವರು. ಯಲಹಂಕ, ದೊಡ್ಡಬಳ್ಳಾಪುರ ದಾಟಿ ಹೋದರೆ ಸಿಗುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ದೇಶವೆಲ್ಲ ಸುದ್ದಿಯಾಯಿತು. ಅವರು ಕೇಳಿದ್ದು ಇಷ್ಟೇ: ನಮ್ಮ ಕಣ್ಣೆದುರು, ನಾವು ಹೇಳಿದ ಷರತ್ತಿನಲ್ಲಿ ಮಾಡಿ ತೋರಿಸಿ. ಆ ಷರತ್ತನ್ನು ಬಾಬಾಗಳಿಗೆ ಹಾಕುವವರು ಎಷ್ಟೋ ಜನ ಸಿಗುತ್ತಾರೆ, ಮೆಕ್ಯಾನಿಕ್‌ಗೆ ಹಾಕುವವರು ಕಡಿಮೆ.

ಹುಣಸಮಾರನಹಳ್ಳಿಯ ಸರ್ವಿಸ್ ರಸ್ತೆಯ ಪಕ್ಕ, ತಗಡಿನ ಮಾಡಿನ ಕೆಳಗೆ ಕೂತ ಎರಡನೇ ಮೆಕ್ಯಾನಿಕ್ ತನಗೆ ತಾನೇ ಆ ಷರತ್ತು ಹಾಕಿಕೊಂಡವನು. ಅವನನ್ನೂ ಶಾಸ್ತ್ರದ ಪಾತ್ರವಾಗಿಯೇ ಕಲ್ಪಿಸಿಕೊಳ್ಳಬಹುದು. ಹೆಸರು ಬೇಡ, ಅಣ್ಣ ಎಂದರೆ ಸಾಕು.

ಅಣ್ಣ ಮೊದಲು ಬಾನೆಟ್ ತೆಗೆಯಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗಿನ ಮೇಲೆ ಅಂಗೈ ಇಟ್ಟ. ಆಮೇಲೆ ಹಿಂದೆ ಹೋಗಿ ಸೈಲೆನ್ಸರ್ ಕೊಳವೆಯ ಬಾಯಿಗೆ ಕೈ ಹಿಡಿದ. ಒಳಗೆ ಅದುರಿಕೆ ಇದ್ದು, ಹೊರಗೆ ಗಾಳಿ ಒಂದೇ ಸಮ ಬರುತ್ತಿದ್ದರೆ ಎಂಜಿನ್ ನೆಟ್ಟಗಿದೆ, ಮೌಂಟಿಂಗ್ ರಬ್ಬರು ಹೋಗಿದೆ ಎಂದು ಅರ್ಥವಿರಬಹುದು. ಇಲ್ಲಿ ಗಾಳಿಯೇ ಬಿಕ್ಕುತ್ತಿತ್ತು. ಗುರುತು ಒಂದೇ, ಕಾರಣ ಬೇರೆ ಇರಬಹುದಲ್ಲ ಎಂಬ ಆಕ್ಷೇಪ ನ್ಯಾಯಸೂತ್ರಗಳಲ್ಲೂ ಬರುತ್ತದೆ: ಹೊಳೆ ತುಂಬಿದೆ, ಮೇಲೆ ಮಳೆಯಾಗಿದೆ ಎನ್ನುತ್ತೀರಿ, ಕೆಳಗೆ ಯಾರೋ ಕಟ್ಟೆ ಕಟ್ಟಿದರೂ ತುಂಬುವುದಿಲ್ಲವೇ? ಭಾಷ್ಯಕಾರನ ಉತ್ತರ, ಬರೀ ತುಂಬಿದ್ದನ್ನು ನೋಡಬೇಡ. ನೊರೆ, ಎಲೆ, ಕಾಯಿ, ಕಟ್ಟಿಗೆ ತೇಲಿಬರುತ್ತಿದೆಯೇ ನೋಡು. ಸೈಲೆನ್ಸರ್ ಬಾಯಿಗೆ ಹಿಡಿದ ಕೈ ನೋಡುತ್ತಿದ್ದದ್ದು ಆ ನೊರೆಯನ್ನು.

ಆಮೇಲೆ ಸ್ಕ್ಯಾನರ್. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎರಡನೇ ಹಂತದ ಓಬಿಡಿ ವ್ಯವಸ್ಥೆ ಕಡ್ಡಾಯ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಗಾಡಿಯೇ ತನ್ನ ಕಾಯಿಲೆ ಹೇಳುತ್ತದೆ ಎನ್ನುವುದು ಜನರ ನಂಬಿಕೆ. ಪರದೆಯ ಮೇಲೆ ಎರಡು ಕೋಡ್ ಬಂದವು: ಪಿ-0300, ಪಿ-0171. ಮೊದಲನೆಯದು ಗೊತ್ತಾದ ಒಂದೇ ಸಿಲಿಂಡರಿನಲ್ಲಲ್ಲ, ಅಲ್ಲೊಂದು ಇಲ್ಲೊಂದು ಕಡೆ ಮಿಸ್‌ಫೈರ್. ಎರಡನೆಯದು ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ.

ಇದು ಶಬ್ದಪ್ರಮಾಣ. ಕೇಳಿ ತಿಳಿಯುವುದು. ಆಪ್ತನ ಮಾತನ್ನು ನಂಬಬಹುದು, ಆಪ್ತನೆಂದರೆ ವಿಷಯವನ್ನು ತಾನೇ ಬಲ್ಲವನು ಮತ್ತು ಬಲ್ಲದ್ದನ್ನು ಇದ್ದ ಹಾಗೆ ಹೇಳಬಯಸುವವನು. ಋಷಿ, ಆರ್ಯ, ಮ್ಲೇಚ್ಛ ಎಲ್ಲರಿಗೂ ಈ ಲಕ್ಷಣ ಒಂದೇ ಎಂದು ವಾತ್ಸ್ಯಾಯನ ಉದಾರವಾಗಿ ಸೇರಿಸುತ್ತಾನೆ. ಮಾರಿದವನಿಗೆ ಗಾಡಿಯ ವಿಷಯ ಗೊತ್ತಿರಬಹುದು, ಹೇಳುವ ಮನಸ್ಸಿಲ್ಲ. ಸ್ಕ್ಯಾನರಿಗೆ ಮುಚ್ಚಿಡಲು ಏನೂ ಇಲ್ಲ, ಆದರೆ ಅದು ಬಲ್ಲದ್ದು ಸೆನ್ಸರುಗಳು ಉಸುರಿದಷ್ಟನ್ನೇ. ‘ಗಾಳಿ ಹೆಚ್ಚು’ ಎನ್ನುವುದು ಲಕ್ಷಣ, ಕಾರಣವಲ್ಲ. ಪಿ-0171 ಕಂಡ ತಕ್ಷಣ ಆಕ್ಸಿಜನ್ ಸೆನ್ಸರ್ ಬದಲಾಯಿಸಿ ಸಾವಿರಾರು ರೂಪಾಯಿ ಬಿಲ್ ಮಾಡುವುದು ಈ ಕಸುಬಿನ ಮಾಮೂಲಿ ತಪ್ಪು. ಗಾಳಿ ಹೆಚ್ಚಾಗಿದೆ ಎಂದು ಬಂದು ಹೇಳಿದ ಆಳನ್ನೇ ಕೆಲಸದಿಂದ ತೆಗೆದ ಹಾಗೆ.

ಅಣ್ಣ ಇಂಜೆಕ್ಟರ್ ಕನೆಕ್ಟರುಗಳನ್ನು ಒಂದೊಂದಾಗಿ ತೆಗೆದು ಹಾಕಿದ. ಒಂದನ್ನು ತೆಗೆದಾಗ ನಡುಕ ಹೆಚ್ಚಾದರೆ ಆ ಸಿಲಿಂಡರ್ ಅಲ್ಲಿಯವರೆಗೆ ದುಡಿಯುತ್ತಿತ್ತು. ಹೆಚ್ಚಾಗದಿದ್ದರೆ ಅದೇ ಸತ್ತದ್ದು. ನಾಲ್ಕರಲ್ಲೂ ಹೆಚ್ಚಾಯಿತು, ಒಂದೇ ಪ್ರಮಾಣದಲ್ಲಿ. ಅಂದರೆ ತಪ್ಪಿತಸ್ಥ ಯಾವುದೇ ಒಂದು ಕಾಯಿಲ್ ಅಥವಾ ಪ್ಲಗ್ ಅಲ್ಲ, ನಾಲ್ಕಕ್ಕೂ ಸೇರಿದ್ದೇನೋ. ಇರುವಾಗ ಇದೆ, ತೆಗೆದಾಗ ಇಲ್ಲ ಎಂದು ಎರಡೂ ಕಡೆಯಿಂದ ನೋಡುವ ಇದನ್ನು ಶಾಸ್ತ್ರ ಅನ್ವಯ ವ್ಯತಿರೇಕ ಎನ್ನುತ್ತದೆ; ಅಣ್ಣನಿಗೆ ಆ ಹೆಸರು ಬೇಕಿಲ್ಲ. ‘ಹಳೇ ಪ್ಲಗ್ ಇದ್ಯಾ?’ ಎಂದ. ಡಿಕ್ಕಿಯಿಂದ ಪೇಪರ್ ಪೊಟ್ಟಣ ಬಂತು. ಆರೋಗ್ಯವಾಗಿ ಉರಿದ ಪ್ಲಗ್ಗಿನ ತುದಿ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕಿರುತ್ತದೆ. ಈ ನಾಲ್ಕೂ ಒಂದೇ ಸಮ ತುಸು ಬಿಳಿಚಿಕೊಂಡಿದ್ದವು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅವು ಮೊದಲ ದಿನವೇ ಹೇಳುತ್ತಿದ್ದವು. ಸಾಕ್ಷಿ ಹೇಳಲು ಬಂದವರನ್ನೇ ಕಳ್ಳರೆಂದು ಹಿಡಿದು ಪೊಟ್ಟಣ ಕಟ್ಟಿದ್ದರು.

ಇನ್ನು ದಪ್ಪ ದೇವದತ್ತನ ಸರದಿ. ಹಗಲು ಉಣ್ಣುವುದಿಲ್ಲ, ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಮೀಮಾಂಸಕರೂ ಅದ್ವೈತಿಗಳೂ ಇದನ್ನು ಅರ್ಥಾಪತ್ತಿ ಎಂಬ ಬೇರೆಯೇ ಪ್ರಮಾಣವೆಂದರು; ನೈಯಾಯಿಕರೂ ಮಧ್ವರೂ ಅದನ್ನು ಅನುಮಾನದೊಳಗೇ ಸೇರಿಸಿದರು. ಸ್ಕ್ಯಾನರಿನ ಪರದೆಯ ಮೇಲೆ ಇದ್ದ ಲೆಕ್ಕ ಇದೇ. ಫಿಲ್ಟರಿನಿಂದ ಒಳಹೋಗುವ ಗಾಳಿಯನ್ನು ಮಾಫ್ ಸೆನ್ಸರ್ ಅಳೆಯುತ್ತದೆ. ಅಳತೆಗೆ ತಕ್ಕಷ್ಟು ಪೆಟ್ರೋಲ್ ಬೀಳುತ್ತದೆ. ಆದರೂ ಐಡ್ಲಿಂಗ್‌ನಲ್ಲಿ ಮಿಶ್ರಣ ಸರಿಮಾಡಲು ಕಂಪ್ಯೂಟರ್ ಶೇಕಡ ಇಪ್ಪತ್ತಕ್ಕೂ ಹೆಚ್ಚು ಪೆಟ್ರೋಲನ್ನು ಮೇಲಿಂದ ಸುರಿಯುತ್ತಿದೆ, ಸಾಕಾಗುತ್ತಿಲ್ಲ. ಮುಂಬಾಗಿಲಿನಲ್ಲಿ ಬಂದ ಗಾಳಿ ಇಷ್ಟೇ, ಒಳಗೆ ಉರಿಯುತ್ತಿರುವುದು ಅದಕ್ಕಿಂತ ಹೆಚ್ಚು. ಹಿತ್ತಿಲಿನಿಂದ ಕಳ್ಳಗಾಳಿ ನುಗ್ಗುತ್ತಿರಲೇಬೇಕು. ಅಣ್ಣ ಆಕ್ಸಿಲರೇಟರ್ ಒತ್ತಿ 2500ಕ್ಕೆ ಏರಿಸಿದ. ಹೆಚ್ಚುವರಿ ಇಪ್ಪತ್ತು ಇಳಿದು ಮೂರು ನಾಲ್ಕಕ್ಕೆ ಬಂತು. ಪೆಟ್ರೋಲ್ ಪಂಪೇ ಸೋತಿದ್ದರೆ ವೇಗ ಹೆಚ್ಚಿದಂತೆ ಕೊರತೆಯೂ ಹೆಚ್ಚಬೇಕಿತ್ತು. ಥ್ರಾಟಲ್ ಮುಚ್ಚಿರುವ ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡಿನೊಳಗಿನ ಒತ್ತಡ ಹೊರಗಿನ ಅರ್ಧವೂ ಇರುವುದಿಲ್ಲ, ಸಣ್ಣ ಬಿರುಕೂ ಜೋರಾಗಿ ಗಾಳಿ ಎಳೆಯುತ್ತದೆ. ಥ್ರಾಟಲ್ ತೆರೆದು ಗಾಳಿ ಹೊಳೆಯಾಗಿ ಬರುವಾಗ ಆ ಬಿರುಕಿನ ಪಾಲು ಲೆಕ್ಕಕ್ಕೆ ಸಿಗದು. ಹೆದ್ದಾರಿಯಲ್ಲಿ ಬೆಣ್ಣೆ, ಸಿಗ್ನಲ್ಲಿನಲ್ಲಿ ನಡುಕ ಯಾಕೆಂದರೆ ಇದಕ್ಕೆ. (ಎಷ್ಟೋ ಸಣ್ಣ ಕಾರುಗಳಲ್ಲಿ ಮಾಫ್ ಬದಲು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಅಲ್ಲಿ ಕಳ್ಳಗಾಳಿಯೂ ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ, ಐಡ್ಲಿಂಗ್ ಮೇಲೇರುತ್ತದೆ. ಈ ವಾದವನ್ನು ಅಂಥ ಗಾಡಿಗಳಿಗೆ ಹಾಗೆಯೇ ಹೊರಿಸಬಾರದು.)

ಬಿರುಕು ಎಲ್ಲಿ? ಎಂಜಿನ್ ನಿಲ್ಲಿಸಿ, ಇನ್‌ಟೇಕಿನ ಬಾಯಿ ಮುಚ್ಚಿ, ಹೊಗೆ ಯಂತ್ರದ ಕೊಳವೆ ಜೋಡಿಸಿದ. ಡಬ್ಬದೊಳಗೆ ಎಣ್ಣೆ ಕಾದು ಬಿಳಿ ಹೊಗೆಯಾಗಿ ಮ್ಯಾನಿಫೋಲ್ಡಿನೊಳಗೆ ತುಂಬುತ್ತದೆ. ಎಲ್ಲಿ ತೂತಿದೆಯೋ ಅಲ್ಲಿಂದ ಎಳೆಯಾಗಿ ಹೊರಬರುತ್ತದೆ. ತಾರ್ಕಿಕನೊಬ್ಬ ಪಕ್ಕದಲ್ಲಿದ್ದರೆ, ಇದು ಧೂಮವೇ ಅಲ್ಲ, ಬಾಷ್ಪ ಎಂದು ತಗಾದೆ ತೆಗೆಯುತ್ತಿದ್ದ. ನ್ಯಾಯದಲ್ಲಿ ಎರಡು ಸಾವಿರ ವರ್ಷ ಬೆಂಕಿ ತೋರಿಸಿದ ಹೊಗೆ ಗ್ಯಾರೇಜಿನಲ್ಲಿ ತೂತು ತೋರಿಸುತ್ತದೆ. ಅರ್ಧ ನಿಮಿಷದಲ್ಲಿ ಪಿಸಿವಿ ಹೋಸಿನ ಮೊಣಕೈ ಬಾಗುವ ಕಡೆ, ಕೆಳಭಾಗದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಎದ್ದಿತು. ಬೆರಳಿಂದ ಮಡಿಚಿದರೆ ರಬ್ಬರ್ ಹಳೆಯ ಚಪ್ಪಲಿಯ ಉಂಗುಷ್ಠದ ಹಾಗೆ ಬಾಯಿ ಬಿಟ್ಟಿತು. ತಣ್ಣಗಿದ್ದಾಗ ಮುಚ್ಚಿಕೊಳ್ಳುವ ಬಿರುಕು, ಕಾದು ಮೆತ್ತಗಾದಾಗ ತೆರೆಯುತ್ತಿತ್ತು.

ಹೊಸ ಹೋಸು ಹಾಕಿದ ಮೇಲೆ ನಡುಕ ನಿಂತಿತು. ಪ್ಲಗ್ ಹಾಕಿದಾಗಲೂ ನಿಂತಿತ್ತಲ್ಲ. ಈಗ ಗೊತ್ತಾಯಿತು ಎನ್ನುವುದು ಯಾವ ಧೈರ್ಯದ ಮೇಲೆ?

ಹುಣಸಮಾರನಹಳ್ಳಿಯಲ್ಲೇ ಇರುವ, 1986ರಲ್ಲಿ ಆರಂಭವಾದ ಸರ್ ಎಂ. ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜನ್ನು ನಡೆಸುವ ಟ್ರಸ್ಟಿಗೆ ಕೃಷ್ಣದೇವರಾಯನ ಹೆಸರು. ಆ ಕೃಷ್ಣದೇವರಾಯ ಗುರುವೆಂದು ಗೌರವಿಸಿದ ದ್ವೈತ ಪಂಥದ ವ್ಯಾಸತೀರ್ಥರು ಬರೆದ ‘ತರ್ಕತಾಂಡವ’ಕ್ಕೂ ತಲೆಬೇನೆ ಇದೇ ಪ್ರಶ್ನೆ. ಸಫಲತೆಯಿಂದ ಜ್ಞಾನ ಸರಿಯೆಂದು ಗೊತ್ತಾಗುತ್ತದೆ ಎನ್ನುವ ನೈಯಾಯಿಕನಿಗೆ ಅವರ ಪಂಥ ಹಾಕುವ ಸವಾಲು ಸರಳ: ಸಫಲವಾಯಿತು ಎನ್ನುವುದೂ ಒಂದು ಜ್ಞಾನ ತಾನೇ, ಅದು ಸರಿಯೆಂದು ಹೇಳುವವರು ಯಾರು? ಅದನ್ನು ಪರೀಕ್ಷಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಹೊರಟರೆ ಕಾರು ಗ್ಯಾರೇಜು ಬಿಡುವುದೇ ಇಲ್ಲ. ಆದ್ದರಿಂದ ದ್ವೈತಿಗಳು ತಿಳಿವಳಿಕೆಯ ಪ್ರಾಮಾಣ್ಯ ಸ್ವತಃ ಸಿದ್ಧ, ಒಳಗಿನ ಸಾಕ್ಷಿ ಅದನ್ನು ಗುರುತಿಸುತ್ತದೆ ಎಂದರು. ಆದರೆ ದೋಷದ ಶಂಕೆ ಬಂದಲ್ಲಿ ಪರೀಕ್ಷೆ ಬೇಕೇ ಬೇಕು. ಶಂಕೆ ತೀರುವವರೆಗೆ ಮಾತ್ರ ಬೇಕು. ಹದಿನಾಲ್ಕನೆಯ ಶತಮಾನದ ಜಯತೀರ್ಥರ ‘ಪ್ರಮಾಣಪದ್ಧತಿ’ ಪ್ರತ್ಯಕ್ಷ, ಅನುಮಾನ, ಆಗಮ ಮೂರಕ್ಕೂ ಹಾಕುವ ವಿಶೇಷಣ ಒಂದೇ, ನಿರ್ದೋಷ. ನಿರ್ದೋಷವಾದ ಯುಕ್ತಿ ಅನುಮಾನ. ಮೊದಲ ಗ್ಯಾರೇಜಿನಲ್ಲಿ ಫಲ ಸಿಕ್ಕಿತು, ಯುಕ್ತಿಯಲ್ಲಿ ದೋಷವಿತ್ತು: ಪ್ಲಗ್ ಬದಲಾದಾಗ ಹೋಸೂ ಅಲುಗಾಡಿತ್ತು. ಎರಡು ಒಟ್ಟಿಗೆ ಬದಲಾದಲ್ಲಿ ಯಾವುದು ಕೆಲಸ ಮಾಡಿತು ಎಂದು ಫಲ ಹೇಳುವುದಿಲ್ಲ.

ವ್ಯಾಸತೀರ್ಥರ ಈ ನಿಲುವು ಗ್ಯಾರೇಜಿಗೆ ಹೊಂದುವಷ್ಟು ಚೆನ್ನಾಗಿ ಶ್ರೀಹರ್ಷನ ಸಂದೇಹ ಹೊಂದುವುದಿಲ್ಲ. ಎಲ್ಲವನ್ನೂ ಶಂಕಿಸುವವನು ಕಾರು ರಿಪೇರಿ ಮಾಡಲಾರ. ಏನನ್ನೂ ಶಂಕಿಸದವನೂ ಮಾಡಲಾರ, ಪ್ಲಗ್ ಮಾರುತ್ತಾನೆ.

ಅಣ್ಣನ ಕೈಯಲ್ಲಿ ಬಿರುಕುಬಿಟ್ಟ ಹೋಸಿತ್ತು. ‘ಒಂದ್ ನಿಮಿಷ ಸಾರ್, ಹಳೇದನ್ನೇ ವಾಪಸ್ ಹಾಕ್ತೀನಿ’ ಎಂದ.

ದೇವದತ್ತ ಗಾಬರಿಯಾದ. ‘ಸರಿಹೋಯ್ತಲ್ಲಣ್ಣ, ಬಿಡು.’

‘ಸರಿ ಆಗಿರೋದು ಗೊತ್ತು. ಇದರಿಂದಾನೇ ಆಯ್ತಾ ಅಂತ ನೋಡ್ಬೇಕು.’

ಎಂಜಿನ್ ಚೆನ್ನಾಗಿ ಕಾದಿತ್ತು. ಹಳೆಯ ಹೋಸು ಕೂರಿಸಿ ಸ್ಟಾರ್ಟ್ ಮಾಡುವ ಹೊತ್ತಿಗೆ ಯಲಹಂಕ ವಾಯುನೆಲೆಯಿಂದ ಎದ್ದ ವಿಮಾನವೊಂದು ತಗಡಿನ ಮಾಡನ್ನೇ ನಡುಗಿಸಿಕೊಂಡು ಹೋಯಿತು. ಏನೂ ಕೇಳಿಸಲಿಲ್ಲ. ಫೆಬ್ರುವರಿಯ ಏರ್ ಶೋ ದಿನಗಳಲ್ಲಿ ಈ ಕಡೆ ಐಡ್ಲಿಂಗ್ ಕೆಲಸ ಮಾಡುವುದೇ ಕಷ್ಟ. ಇಬ್ಬರೂ ತಲೆಯೆತ್ತಿ ಕಾದರು. ಸದ್ದು ಚಿಕ್ಕಜಾಲದ ಕಡೆಗೆ ಕರಗಿದ ಮೇಲೆ ಅಣ್ಣ ದೇವದತ್ತನ ಕೈ ಹಿಡಿದು ಸ್ಟೇರಿಂಗಿನ ಮೇಲಿಟ್ಟ. ಅದುರುತ್ತಿತ್ತು. ಬಾಟಲಿಯ ನೀರಿನಲ್ಲಿ ಅವೇ ಸಣ್ಣ ಅಲೆಗಳು.

‘ಈಗ ಹೊಸಾದು ಹಾಕು’ ಎಂದ ದೇವದತ್ತ.